ಸ್ಟೆಂಟ್ ಹಾಕಿಸಿಕೊಂಡ ಅಪ್ಪ ಮಾತ್ರೆ ನಿಲ್ಲಿಸಿದ್ದಾರೆ, ‘ನಡಿಗೆಯೇ ಸಾಕು’ ಎನ್ನುತ್ತಾರೆ

ಅರಸೀಕೆರೆಯವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ತಂದೆಗೆ 64 ವರ್ಷ. ಸರ್ಕಾರಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಒಂದು ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ) ಹಾಕಿದರು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಬೀಡಿ ಬಿಟ್ಟರು. ಆಮೇಲೆ ಬೆಳಿಗ್ಗೆ ಐದೂವರೆಗೆ ಎದ್ದು ನಡೆಯುವುದನ್ನು ಶುರುಮಾಡಿದರು. ರಾತ್ರಿ ಅರ್ಧ ಮುದ್ದೆ, ಸೊಪ್ಪಿನ ಸಾರು, ಅಷ್ಟೇ. ಕರಿದದ್ದನ್ನು ಮುಟ್ಟುವುದಿಲ್ಲ. ಒಂಬತ್ತು ಕಿಲೋ ಇಳಿದಿದ್ದಾರೆ. ಆಘಾತವಾದಾಗ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 148 ಇತ್ತು, ಈ ಯುಗಾದಿಯ ಹೊತ್ತಿಗೆ 61ಕ್ಕೆ ಬಂದಿತ್ತು. ನಮಗೆಲ್ಲ ಹೆಮ್ಮೆಯಾಗಿತ್ತು.

ಕಳೆದ ವಾರ ಅಮ್ಮ ಅಟ್ಟದ ಮೇಲಿನ ರಾಗಿ ಡಬ್ಬ ಇಳಿಸಿದಾಗ ಅದರ ಹಿಂದೆ ಮಾತ್ರೆಯ ಹದಿನೈದು ಸ್ಟ್ರಿಪ್ ಸಿಕ್ಕವು. ಒಂದು ಮಾತ್ರೆಯನ್ನೂ ಒಡೆದಿಲ್ಲ. ಹಳೆಯ ಟಿಕೆಟ್ ಕಟ್ಟಿನ ಹಾಗೆ ಅಂಚು ಸಮ ಮಾಡಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ಅಮ್ಮನಿಗೆ ಗೊತ್ತಾಗಬಾರದೆಂದು ಪ್ರತಿ ತಿಂಗಳೂ ಅಂಗಡಿಯಿಂದ ತಂದಿದ್ದಾರೆ, ಮೂರು ತಿಂಗಳಿಂದ ನುಂಗಿಲ್ಲ.

ಕೇಳಿದರೆ, ‘148 ಇದ್ದದ್ದು 61 ಆಗಿದೆ, ನಡೆದು ನಡೆದು ಇಳಿಸಿದ್ದೇನೆ, ಇನ್ನು ಮಾತ್ರೆ ಯಾಕೆ? ಕೊಲೆಸ್ಟ್ರಾಲ್ ಮಾತ್ರೆಯಿಂದ ಮೀನಖಂಡ ಹಿಡಿದುಕೊಳ್ಳುತ್ತದೆ, ಮೊಬೈಲಿನಲ್ಲಿ ಒಬ್ಬ ಡಾಕ್ಟರೇ ಹೇಳಿದ್ದಾರೆ’ ಎನ್ನುತ್ತಾರೆ. ನಾನು ಬೆಂಗಳೂರಿನಲ್ಲಿದ್ದೇನೆ. ಫೋನಿನಲ್ಲಿ ಜಗಳವಾಡಿ ಸಾಕಾಗಿದೆ. ಅವರ ಮಾತಿನಲ್ಲಿ ಸತ್ಯವೆಷ್ಟು? ನಡಿಗೆಯಿಂದಲೇ ಅಷ್ಟು ಇಳಿಯುತ್ತದೆಯೇ?

ಔಷಧ ಅಂಗಡಿ, ದಾವಣಗೆರೆ

ಅಕ್ಕ, ಮೊದಲು ಒಂದು ಹೇಳಿ. ಆ ಕಟ್ಟಿನಲ್ಲಿ ಯಾವ ಯಾವ ಮಾತ್ರೆ ಇದ್ದವು? ಹೆಸರು, ಮಿಲಿಗ್ರಾಂ ಎರಡೂ ಬೇಕು.

ಅರಸೀಕೆರೆಯವಳು

ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ 40 ಮತ್ತು ಎಕೋಸ್ಪ್ರಿನ್ 75. ಬಿ.ಪಿ.ಗೆ ಟೆಲ್ಮಿಸಾರ್ಟನ್ ಇದೆ, ಅದನ್ನು ಮಾತ್ರ ತಪ್ಪದೆ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಬಿ.ಪಿ. ನೋಡುವ ಯಂತ್ರ ಇದೆ, ಬಿಟ್ಟರೆ ಏರುವುದು ಅವರ ಕಣ್ಣಿಗೇ ಕಾಣುತ್ತದೆ.

ಔಷಧ ಅಂಗಡಿ, ದಾವಣಗೆರೆ

ಹಾಗಾದರೆ ಈ ಚರ್ಚೆ ಮುಗಿಯುವವರೆಗೆ ಕಾಯಬೇಡಿ. ಎಕೋಸ್ಪ್ರಿನ್ ಎಂದರೆ ಆಸ್ಪಿರಿನ್. ಸ್ಟೆಂಟ್ ಇರುವ ಜಾಗದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಅದೇ. ವೈದ್ಯರು ಹೇಳದೆ ಅದನ್ನು ನಿಲ್ಲಿಸುವಂತಿಲ್ಲ. ಇವತ್ತೇ ಅವರ ಹೃದ್ರೋಗ ವೈದ್ಯರಿಗೆ ಫೋನ್ ಮಾಡಿ, ‘ಎರಡೂ ಮಾತ್ರೆ ಮೂರು ತಿಂಗಳಿಂದ ಇಲ್ಲ’ ಎಂದು ನೇರವಾಗಿ ಹೇಳಿ.

ಅವರೊಬ್ಬರೇ ಅಲ್ಲ ಅಕ್ಕ. ಸ್ಟೆಂಟ್ ಆದವರು ಮೊದಲ ವರ್ಷ ತಾರೀಖು ತಪ್ಪದೆ ಬರುತ್ತಾರೆ. ಎರಡನೇ ವರ್ಷ ಒಂದೊಂದಾಗಿ ಕಡಿಮೆ ಮಾಡುತ್ತಾರೆ. ಕೌಂಟರಿನ ಈಚೆ ಕುಳಿತು ನಾನು ದಿನವೂ ನೋಡುತ್ತಿದ್ದೇನೆ. ಹಣದ ಕಾರಣಕ್ಕೆ ಬಿಡುವವರಿಗೆ ಜನೌಷಧಿ ಕೇಂದ್ರಕ್ಕೆ ಹೋಗಿ ಎಂದು ನಾನೇ ಹೇಳಿ ಕಳಿಸುತ್ತೇನೆ, ಅಲ್ಲಿ ಇದೇ ಮಾತ್ರೆ ಬಹಳ ಅಗ್ಗ. ನನ್ನ ವ್ಯಾಪಾರ ಹೋದರೆ ಹೋಗಲಿ.

ಅಮಾನಿಕೆರೆ ನಡಿಗೆ

ನಾನು ಬೇರೆ ಮಾತು ಹೇಳುತ್ತೇನೆ. ನಿಮ್ಮ ತಂದೆಯನ್ನು ಬೈಯಬೇಡಿ ತಂಗಿ. ಆ ವಯಸ್ಸಿನಲ್ಲಿ ಬೀಡಿ ಬಿಟ್ಟು ಒಂಬತ್ತು ಕಿಲೋ ಇಳಿಸುವುದು ಹುಡುಗಾಟವಲ್ಲ.

ನನಗೆ 47ಕ್ಕೆ ಬಿ.ಪಿ. 156/98 ಬಂತು. ಮಾತ್ರೆ ಕೊಟ್ಟರು. ನಾನು ತುಮಕೂರಿನ ಅಮಾನಿಕೆರೆಯನ್ನು ಹದಿನಾಲ್ಕು ತಿಂಗಳು ಸುತ್ತಿದೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಎಲ್ಲ ಬಿಟ್ಟೆ. ಹನ್ನೊಂದು ಕಿಲೋ ಇಳಿದೆ. ಈಗ ಮಾತ್ರೆ ಇಲ್ಲದೆ 124/80. 2002ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ವರದಿ ಬಂತು. ನಡಿಗೆ, ಊಟ, ತೂಕ ಸರಿಮಾಡಿಕೊಂಡವರಲ್ಲಿ ಕಾಯಿಲೆ ಬರುವುದು ಶೇ 58ರಷ್ಟು ಕಡಿಮೆಯಾಯಿತು, ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಶೇ 31 ಮಾತ್ರ. ಮಾತ್ರೆಗಿಂತ ಕಾಲು ಮೇಲು ಎನ್ನುವುದಕ್ಕೆ ಇನ್ನೇನು ಬೇಕು?

ಶುಶ್ರೂಷಕಿ, ಮೈಸೂರು

ಸರ್, ನಿಮ್ಮ ಬಿ.ಪಿ. ಮಾತ್ರೆಯನ್ನು ನಿಲ್ಲಿಸಿದವರು ಯಾರು?

ಅಮಾನಿಕೆರೆ ನಡಿಗೆ

ವೈದ್ಯರೇ. ಮೊದಲು ಅರ್ಧಕ್ಕೆ ಇಳಿಸಿದರು, ಎರಡು ತಿಂಗಳು ನೋಡಿ ಪೂರ್ತಿ ನಿಲ್ಲಿಸಿದರು.

ಶುಶ್ರೂಷಕಿ, ಮೈಸೂರು

ಅದನ್ನೂ ಸೇರಿಸಿ ಬರೆಯಿರಿ ಸರ್. ಇಲ್ಲದಿದ್ದರೆ ಇದನ್ನು ಓದಿದವರು ನಾಳೆಯೇ ಮಾತ್ರೆ ಬಿಡುತ್ತಾರೆ. ನಿಮ್ಮ ಹೃದಯಕ್ಕೆ ಇನ್ನೂ ಏನೂ ಆಗಿರಲಿಲ್ಲ, ಈ ಅಕ್ಕನ ತಂದೆಗೆ ಆಗಿದೆ. ಎರಡೂ ಒಂದೇ ಅಲ್ಲ.

ನಾನು ಹೃದ್ರೋಗ ತೀವ್ರ ನಿಗಾ ಘಟಕದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಒಬ್ಬ ರೈತರನ್ನು ಮರೆಯಲಾರೆ. 52 ವರ್ಷ, ಬಳ್ಳಿಯಂಥ ಮೈ, ದಿನವೂ ಗದ್ದೆಯಲ್ಲಿ ದುಡಿಯುವವರು. ರಾತ್ರಿ ಹನ್ನೊಂದಕ್ಕೆ ಎದೆ ಹಿಡಿದುಕೊಂಡಿತು. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದರು, ಆಮೇಲೆ ಓಮದ ಕಷಾಯ. ಬೆಳಗಿನ ಜಾವ ಬೆವರು ಸುರಿಯಲು ಶುರುವಾದಾಗ ತಾಲ್ಲೂಕು ಆಸ್ಪತ್ರೆಗೆ ಕರೆತಂದರು. ಅಲ್ಲಿ ಇಸಿಜಿ ತೆಗೆದು, ಹೃದಯಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು ನಮ್ಮಲ್ಲಿಗೆ ಕಳಿಸಿದರು. ಬದುಕಿದರು. ಅವರ ಹೆಂಡತಿ ಮಂಚದ ಪಕ್ಕ ಕುಳಿತು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಇವರಷ್ಟು ದುಡಿಯುವವರು ಊರಲ್ಲೇ ಇಲ್ಲ, ಇವರಿಗೆ ಹೇಗೆ ಬಂತು?’ ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಯಾರೂ ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ. ದಿನಕ್ಕೊಂದು ಕಟ್ಟು ಬೀಡಿ ಬೇರೆ.

ಎದೆಯುರಿ, ಎದೆ ಬಿಗಿತ ಬಂದು ಕಡಿಮೆಯಾಗದಿದ್ದರೆ ಸೋಡಾ ಹುಡುಕಬೇಡಿ. ಇಸಿಜಿ ಮಾಡಿಸಿ.

ಫಿಜಿಷಿಯನ್, ಧಾರವಾಡ

ಮೂಲ ಪ್ರಶ್ನೆಗೆ ಬರುತ್ತೇನೆ. ನಡಿಗೆಯಿಂದಲೇ 148 ಇದ್ದದ್ದು 61 ಆಯಿತೇ?

ಲೆಕ್ಕ ಹಾಕಿ ನೋಡಿ. ಅಟೋರ್ವಾಸ್ಟಾಟಿನ್ 40 ಎಲ್‌ಡಿಎಲ್ ಅನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. 148ರ ಅರ್ಧ 74. ಅಷ್ಟು ಮಾತ್ರೆಯ ಕೆಲಸ. 74ರಿಂದ 61ಕ್ಕೆ ಇಳಿದದ್ದು ನಿಮ್ಮ ತಂದೆಯ ಬೆವರು, ಮುದ್ದೆ, ಸೊಪ್ಪು. ಅವರ ಪಾಲು ಸುಳ್ಳಲ್ಲ, ಆದರೆ ಇಡೀ ಇಳಿಕೆ ಅವರದಲ್ಲ. ಈಗ ಮೂರು ತಿಂಗಳು ಬಿಟ್ಟಿದ್ದಾರಲ್ಲ, ಒಮ್ಮೆ ಪರೀಕ್ಷೆ ಮಾಡಿಸಿ. ವಾದ ಬೇಡ, ವರದಿಯೇ ಮಾತನಾಡುತ್ತದೆ. ಸ್ಟೆಂಟ್ ಆದವರಿಗೆ 70ಕ್ಕಿಂತ ಕೆಳಗೆ, ಈಗಿನ ಸಲಹೆಯಂತೆ 55ಕ್ಕಿಂತ ಕೆಳಗೆ ಇರಬೇಕು.

ನಡಿಗೆಯ ಲಾಭವನ್ನು ಎಲ್‌ಡಿಎಲ್‌ನಲ್ಲಿ ಹುಡುಕುವುದೇ ತಪ್ಪು. ಅದು ಬಿ.ಪಿ.ಯಲ್ಲಿ, ಸಕ್ಕರೆಯಲ್ಲಿ, ನಿದ್ದೆಯಲ್ಲಿ, ಉಸಿರಿನಲ್ಲಿ ಕಾಣುತ್ತದೆ. ಬೀಡಿ ಬಿಟ್ಟದ್ದು ಇವೆಲ್ಲಕ್ಕಿಂತ ದೊಡ್ಡದು. ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನದ ವರದಿ 2004ರಲ್ಲಿ ಬಂತು. ಧೂಮಪಾನಿಗಳ ಆಯುಷ್ಯ ಸುಮಾರು ಹತ್ತು ವರ್ಷ ಕಡಿಮೆ. 60ರಲ್ಲಿ ಬಿಟ್ಟರೂ ಸುಮಾರು ಮೂರು ವರ್ಷ ವಾಪಸ್ಸು ಬರುತ್ತದೆ, 40ರಲ್ಲಿ ಬಿಟ್ಟರೆ ಒಂಬತ್ತು.

ಅಮಾನಿಕೆರೆ ಸರ್ ಹೇಳಿದ ಅಮೆರಿಕದ ಅಂಕಿ ಸರಿಯಾಗಿದೆ. ಆದರೆ ಅಂಥದೇ ಅಧ್ಯಯನ ನಮ್ಮ ಪಕ್ಕದ ಚೆನ್ನೈಯಲ್ಲಿ ನಡೆದು 2006ರಲ್ಲಿ ಬಂತು. ಅಲ್ಲಿ ಜೀವನಶೈಲಿಗೆ ಶೇ 28.5, ಮೆಟ್‌ಫಾರ್ಮಿನ್‌ಗೆ ಶೇ 26.4. ಹೆಚ್ಚುಕಡಿಮೆ ಸಮ. ಮೇಲಾಗಿ ಅದು ಸಕ್ಕರೆ ಕಾಯಿಲೆಯನ್ನು ತಡೆಯುವ ಮಾತು. ಸ್ಟೆಂಟ್ ಹಾಕಿದ ರಕ್ತನಾಳದ ಮಾತಲ್ಲ.

ಸಾಗರದ ತೋಟ

ಡಾಕ್ಟರೇ, ಒಂದು ನೇರ ಪ್ರಶ್ನೆ. ಸ್ಟಾಟಿನ್, ಅಂದರೆ ಅಟೋರ್ವಾಸ್ಟಾಟಿನ್ ತರಹದ ಕೊಲೆಸ್ಟ್ರಾಲ್ ಮಾತ್ರೆ, ಆಯುಷ್ಯ ಹೆಚ್ಚಿಸುತ್ತದೆಯೇ, ಇಲ್ಲ ವರದಿಯ ಅಂಕಿಯನ್ನು ಮಾತ್ರ ಇಳಿಸುತ್ತದೆಯೇ? ‘ಶೇ 30 ಕಡಿಮೆ’ ಎನ್ನುವ ಲೆಕ್ಕವನ್ನು ನಾನು ನಂಬುವುದಿಲ್ಲ. ನೂರು ಜನರಲ್ಲಿ ಎಷ್ಟು ಜನ ಉಳಿದರು ಎಂದು ಹೇಳಿ.

ಫಿಜಿಷಿಯನ್, ಧಾರವಾಡ

ಸರಿಯಾದ ಪ್ರಶ್ನೆ, ಎಲ್ಲ ರೋಗಿಗಳೂ ಹೀಗೆಯೇ ಕೇಳಬೇಕು.

1994ರಲ್ಲಿ ಉತ್ತರ ಯುರೋಪಿನ ದೇಶಗಳಲ್ಲಿ 4,444 ಹೃದ್ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಸಿಮ್ವಾಸ್ಟಾಟಿನ್ ಎಂಬ ಸ್ಟಾಟಿನ್ ಮಾತ್ರೆ ಅರ್ಧ ಜನಕ್ಕೆ, ಉಳಿದ ಅರ್ಧಕ್ಕೆ ಔಷಧವಿಲ್ಲದ ಖಾಲಿ ಮಾತ್ರೆ. ಐದು ವರ್ಷ ಚಿಲ್ಲರೆ ಕಳೆದಾಗ ಖಾಲಿ ಮಾತ್ರೆಯವರಲ್ಲಿ 256 ಜನ ತೀರಿಕೊಂಡಿದ್ದರು, ಔಷಧದವರಲ್ಲಿ 182. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ ನೂರರಲ್ಲಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಜನ ಉಳಿದರು. ಅದು ಹೃದ್ರೋಗ ಆಗಲೇ ಇದ್ದವರಲ್ಲಿ, ಐದು ವರ್ಷದಲ್ಲಿ. ಸಾವಿನ ಲೆಕ್ಕ ಬಿಟ್ಟು ಎರಡನೇ ಹೃದಯಾಘಾತವನ್ನೂ ಎಣಿಸಿದರೆ ಲಾಭ ಇನ್ನೂ ದೊಡ್ಡದು.

ಹೃದ್ರೋಗವೇ ಇಲ್ಲದ, ಬಿ.ಪಿ. ಸಕ್ಕರೆ ಇಲ್ಲದ, 45 ವರ್ಷದವರಿಗೆ ಅದೇ ಮಾತ್ರೆಯ ಲಾಭ ಬಹಳ ಚಿಕ್ಕದು. ಅಂಥವರಿಗೆ ನಾನು ಮೊದಲು ಚಪ್ಪಲಿ ಬಿಚ್ಚಿಸಿ ಶೂ ಹಾಕಿಸುತ್ತೇನೆ.

ಸಾಗರದ ತೋಟ

ನೂರರಲ್ಲಿ ಮೂವರು. ಉಳಿದ ತೊಂಬತ್ತೇಳು ಜನ ಐದು ವರ್ಷ ಸುಮ್ಮನೆ ನುಂಗಿದ ಹಾಗಾಯಿತಲ್ಲ?

ಔಷಧ ಅಂಗಡಿ, ದಾವಣಗೆರೆ

ಆ ಮೂವರು ಯಾರೆಂದು ಮೊದಲೇ ಗೊತ್ತಿದ್ದರೆ ಅವರಿಗಷ್ಟೇ ಕೊಡುತ್ತಿದ್ದೆವು ಸ್ವಾಮಿ.

ವಿಟ್ಲದ ಮನೆ

ಕಾಲುನೋವನ್ನು ಎಲ್ಲರೂ ಹಾರಿಸಿ ಮುಂದೆ ಹೋಗುತ್ತಿದ್ದೀರಿ. ನನ್ನ ತಾಯಿಗೆ ಸ್ಟಾಟಿನ್ ಶುರುವಾದ ಮೇಲೆ ಎರಡೂ ತೊಡೆ, ಭುಜ ಹಿಡಿದು ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ‘ವಯಸ್ಸಾಯಿತಲ್ಲ’ ಎಂದು ಒಬ್ಬ ವೈದ್ಯರು ಸಾಗಹಾಕಿದರು. ಇನ್ನೊಬ್ಬರು ರಕ್ತಪರೀಕ್ಷೆ ಮಾಡಿಸಿ, ಮಾತ್ರೆ ಬದಲಿಸಿ, ಪ್ರಮಾಣ ತಗ್ಗಿಸಿದರು. ಮೂರು ವಾರದಲ್ಲಿ ಸರಿಹೋಯಿತು. ನೋವು ಹೇಳಿಕೊಂಡವರನ್ನು ನಂಬದಿರುವುದರಿಂದಲೇ ಜನ ಮೊಬೈಲಿನ ಡಾಕ್ಟರನ್ನು ನಂಬುತ್ತಾರೆ.

ಫಿಜಿಷಿಯನ್, ಧಾರವಾಡ

ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಿಜವಾದ ಸ್ನಾಯುನೋವು ಕೆಲವರಿಗೆ ಬರುತ್ತದೆ, ಸಕ್ಕರೆಯೂ ಕೆಲವರಲ್ಲಿ ಸ್ವಲ್ಪ ಏರುತ್ತದೆ. ಅಳತೆ ತಗ್ಗಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಸ್ಟಾಟಿನ್ ಅಲ್ಲದ ಬೇರೆ ಔಷಧಗಳೂ ಇವೆ. ಇನ್ನೊಂದು ವಿಷಯ: ನೋವು, ತೊಂದರೆ ಎಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಲಂಡನ್ನಿನಲ್ಲಿ ಒಂದೊಂದು ತಿಂಗಳು ಅದಲುಬದಲು ಮಾಡಿ ಸ್ಟಾಟಿನ್, ಖಾಲಿ ಮಾತ್ರೆ, ಏನೂ ಇಲ್ಲ ಎಂದು ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಸ್ಟಾಟಿನ್ ತಿಂಗಳಲ್ಲಿ ಆದ ತೊಂದರೆಯಲ್ಲಿ ಶೇ 90ರಷ್ಟು ಖಾಲಿ ಮಾತ್ರೆಯ ತಿಂಗಳಲ್ಲೂ ಆಗಿತ್ತು. ಅವರ ನೋವು ಸುಳ್ಳಾಗಿರಲಿಲ್ಲ, ನೋವಿನ ಮೂಲ ಬೇರೆ ಇತ್ತು.

ಅರಸೀಕೆರೆಯವರೇ, ನಿಮಗೊಂದು ಪ್ರಶ್ನೆ. ತಂದೆಯವರ ಮೀನಖಂಡ ಯಾವಾಗ ಹಿಡಿದುಕೊಳ್ಳುತ್ತದೆ? ಕುಳಿತಾಗಲೋ, ಮಲಗಿದಾಗಲೋ, ನಡೆಯುವಾಗಲೋ? ಒಂದೇ ಕಾಲೋ, ಎರಡೂ ಕಾಲೋ? ಮಾತ್ರೆ ಬಿಟ್ಟು ಮೂರು ತಿಂಗಳಾಯಿತಲ್ಲ, ನೋವು ಹೋಯಿತೇ?

ಅರಸೀಕೆರೆಯವಳು

ಈಗ ಅಮ್ಮನಿಗೆ ಫೋನ್ ಮಾಡಿ ಕೇಳಿದೆ ಸರ್. ನೋವು ಹೋಗಿಲ್ಲವಂತೆ. ಎಡಗಾಲು ಮಾತ್ರ. ಮನೆಯಲ್ಲಿದ್ದಾಗ ಏನೂ ಇಲ್ಲ. ನಡೆಯಲು ಹೊರಟರೆ ಅರಳಿಕಟ್ಟೆಯ ಹತ್ತಿರ ಬರುವ ಹೊತ್ತಿಗೆ ಹಿಡಿದುಕೊಳ್ಳುತ್ತದೆ, ಕಟ್ಟೆಯ ಮೇಲೆ ಎರಡು ನಿಮಿಷ ಕುಳಿತರೆ ಬಿಡುತ್ತದೆ, ಮತ್ತೆ ಹೊರಡುತ್ತಾರೆ. ದಿನವೂ ಅಲ್ಲೇ ಕೂರುತ್ತಾರೆ, ಗೆಳೆಯರ ಜೊತೆ ಮಾತಾಡಲು ಎಂದು ನಾವೆಲ್ಲ ತಿಳಿದಿದ್ದೆವು.

ಫಿಜಿಷಿಯನ್, ಧಾರವಾಡ

ನೋಡದೆ ರೋಗ ಹೇಳಬಾರದು, ಆದರೆ ಇದನ್ನು ಹೇಳದೆ ಇರಲಾರೆ. ಒಂದೇ ಕಾಲು, ಅಷ್ಟೇ ದೂರ ನಡೆದಾಗ ಬರುವ ನೋವು, ನಿಂತರೆ ಹೋಗುವ ನೋವು, ಜೊತೆಗೆ ವರ್ಷಗಟ್ಟಲೆ ಬೀಡಿ: ಇದು ಮಾತ್ರೆಯ ನೋವಿನ ಲಕ್ಷಣವಲ್ಲ. ಕಾಲಿನ ರಕ್ತನಾಳ ಕಿರಿದಾಗಿರುವ ಸಾಧ್ಯತೆ ಹೆಚ್ಚು. ಹೃದಯದಲ್ಲಿ ಆದದ್ದೇ ಕಾಲಿನಲ್ಲೂ ಆಗಿರಬಹುದು. ಹಾಗಾಗಿದ್ದರೆ ಅವರು ಬಿಟ್ಟಿರುವ ಎರಡು ಮಾತ್ರೆಗಳೇ ಅದಕ್ಕೂ ಬೇಕು.

ಕಾಲಿನ ನಾಡಿ ನೋಡಿಸಿ. ತೋಳಿನಲ್ಲೂ ಕಣಕಾಲಿನಲ್ಲೂ ಬಿ.ಪಿ. ಅಳೆದು ಹೋಲಿಸುವ ಸುಲಭ ಪರೀಕ್ಷೆ ಇದೆ, ಅದನ್ನು ಕೇಳಿ ಮಾಡಿಸಿ. ಈ ವಾರವೇ.

ಶುಶ್ರೂಷಕಿ, ಮೈಸೂರು

ಅಕ್ಕ, ಕಾಲಿನ ಬೆರಳು, ಹಿಮ್ಮಡಿಯಲ್ಲಿ ವಾಸಿಯಾಗದ ಗಾಯ ಇದೆಯೇ ಎಂದೂ ಅಮ್ಮನಿಗೆ ನೋಡಲು ಹೇಳಿ. ಇದ್ದರೆ ತಡಮಾಡಬೇಡಿ.

ಡಿಪೋ ನೆನಪು

ಕಂಡಕ್ಟರ್ ಎಂದು ಓದಿದ ಕೂಡಲೇ ಇದನ್ನು ಬರೆಯಬೇಕೆನಿಸಿತು, ನಾನೂ ಅದೇ ಇಲಾಖೆಯವನು. ವ್ಯಾಯಾಮಕ್ಕೂ ಹೃದಯಕ್ಕೂ ನಂಟಿದೆ ಎಂದು ಜಗತ್ತಿಗೆ ಮೊದಲು ಗಟ್ಟಿಯಾಗಿ ತೋರಿಸಿದ್ದು ಬಸ್ಸಿನವರೇ. ಜೆರ್ರಿ ಮಾರಿಸ್ ಎಂಬ ವೈದ್ಯ 1953ರಲ್ಲಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರರನ್ನೂ ಹೋಲಿಸಿ ವರದಿ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಹೊಗೆ, ಒಂದೇ ಪಾಳಿ. ಚಾಲಕ ದಿನವಿಡೀ ಕುಳಿತಿರುತ್ತಾನೆ, ಕಂಡಕ್ಟರ್ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದ್ರೋಗ ಕಂಡಕ್ಟರರಲ್ಲಿ ಕಡಿಮೆ ಇತ್ತು. ಚಾಲಕರ ಸಮವಸ್ತ್ರದ ಸೊಂಟದ ಅಳತೆಯೂ ದೊಡ್ಡದಿತ್ತು ಎಂದು ಆಮೇಲೆ ಅವರೇ ತೋರಿಸಿದರು.

ನಮ್ಮ ಕಂಡಕ್ಟರರ ಪಾಡು ಬೇರೆ. ಮೆಟ್ಟಿಲಿಲ್ಲ, ಹೊತ್ತಿಗೆ ಊಟವಿಲ್ಲ, ರಾತ್ರಿ ತಂಗುವ ಊರಲ್ಲಿ ನೆಟ್ಟಗೆ ನಿದ್ದೆಯಿಲ್ಲ, ಚಿಲ್ಲರೆಗಾಗಿ ದಿನಕ್ಕೆ ಇಪ್ಪತ್ತು ಜಗಳ.

ಹಾಸನದವನು

ಎಲ್ಲ ಸರಿ, 2025ರ ಜೂನ್ ಸುಮಾರಿಗೆ ನಮ್ಮ ಜಿಲ್ಲೆಯಲ್ಲಿ ಸಾಲುಸಾಲಾಗಿ ಚಿಕ್ಕ ವಯಸ್ಸಿನವರೇ ಹೃದಯಾಘಾತದಿಂದ ಹೋದರಲ್ಲ, ಅದಕ್ಕೆ ಏನು ಹೇಳುತ್ತೀರಿ? ಕೋವಿಡ್ ಲಸಿಕೆಯೇ ಕಾರಣ ಎಂದು ನಮ್ಮ ಊರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಶುಶ್ರೂಷಕಿ, ಮೈಸೂರು

ಆ ದಿನಗಳಲ್ಲಿ ತಪಾಸಣೆಗೆ ಬಂದವರ ಸಾಲು ನಮ್ಮ ಗೇಟಿನ ಹೊರಗೂ ಇತ್ತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ಮಾಡಿತು. ಲಸಿಕೆಗೂ ಈ ಸಾವುಗಳಿಗೂ ನಂಟು ಕಂಡಿಲ್ಲ, ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್, ಧೂಮಪಾನ ಇವೇ ಕಾರಣ ಎಂದು ಅದು ಹೇಳಿತು. ನಮ್ಮ ಜನರಿಗೆ ಬೇಗ ಬರುವುದು ಹಳೆಯ ವಿಷಯ. ಲಸಿಕೆ ಬರುವುದಕ್ಕೆ ಎಷ್ಟೋ ಮೊದಲೇ, 52 ದೇಶಗಳ ಒಂದು ದೊಡ್ಡ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲಿ, ಉಳಿದ ದೇಶದವರಿಗೆ 59ರ ಆಸುಪಾಸಿನಲ್ಲಿ ಎಂದು ಕಂಡುಬಂದಿತ್ತು.

ಜಯನಗರ ಐವತ್ತು

ಒಳ್ಳೆಯ ಹೊತ್ತಿಗೆ ಈ ಮಾತು ಬಂತು. ಅಪ್ಪು ಅವರು 46ಕ್ಕೇ ಹೋದಾಗ ನನಗೆ ಬಹಳ ಭಯವಾಯಿತು. ಅಂದಿನಿಂದ ಮುನ್ನೆಚ್ಚರಿಕೆಗೆಂದು ದಿನಕ್ಕೊಂದು ಎಕೋಸ್ಪ್ರಿನ್ ನುಂಗುತ್ತಿದ್ದೇನೆ. ನನಗೆ ಯಾವ ಕಾಯಿಲೆಯೂ ಇಲ್ಲ. ಮುಂದುವರಿಸಬಹುದಲ್ಲವೇ?

ಫಿಜಿಷಿಯನ್, ಧಾರವಾಡ

ಯಾರು ಬರೆದುಕೊಟ್ಟರು? ಯಾರೂ ಕೊಡದಿದ್ದರೆ ನಿಮ್ಮ ವೈದ್ಯರನ್ನು ಕಂಡು ನಿಲ್ಲಿಸುವ ಮಾತಾಡಿ. ಹೃದ್ರೋಗ ಇಲ್ಲದ 19,114 ಹಿರಿಯರ ಮೇಲೆ ಆಸ್ಟ್ರೇಲಿಯಾ, ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಆಸ್ಪಿರಿನ್‌ನಿಂದ ಹೃದಯಕ್ಕೆ ಹೇಳಿಕೊಳ್ಳುವ ಲಾಭವಾಗಲಿಲ್ಲ, ರಕ್ತಸ್ರಾವ ಹೆಚ್ಚಾಯಿತು. ಅದೇ ಮಾತ್ರೆ ಅರಸೀಕೆರೆಯ ಹಿರಿಯರಿಗೆ ಬೇಕೇ ಬೇಕು, ನಿಮಗೆ ಬೇಡ.

ಟ್ಯಾಂಪೆರೆ ಕನ್ನಡಿಗ

ನಾನು ಫಿನ್ಲೆಂಡಿನಲ್ಲಿದ್ದೇನೆ. ಇಲ್ಲಿಯ ಪೂರ್ವದ ಗಡಿಯಲ್ಲಿ ಉತ್ತರ ಕರೇಲಿಯ ಎಂಬ ಪ್ರಾಂತ್ಯವಿದೆ. 1970ರ ಹೊತ್ತಿಗೆ ಅಲ್ಲಿಯ ಗಂಡಸರು ಹೃದಯಾಘಾತದಿಂದ ಸಾಯುವುದರಲ್ಲಿ ಜಗತ್ತಿಗೇ ಮುಂದಿದ್ದರು. ಮರ ಕಡಿಯುವವರು, ಹೈನು ಮಾಡುವವರು. ಗಟ್ಟಿ ಮೈ. ಆದರೆ ಬ್ರೆಡ್ಡಿಗೆ ಬೆಣ್ಣೆ, ಅಡುಗೆಗೆ ಬೆಣ್ಣೆ, ಕೆನೆ ತೆಗೆಯದ ಹಾಲು, ಉಪ್ಪು, ಸಿಗರೇಟು. ಊರಿನವರೇ ಸರ್ಕಾರಕ್ಕೆ ಮನವಿ ಕೊಟ್ಟರು, 1972ರಲ್ಲಿ ಪೆಕ್ಕ ಪುಸ್ಕ ಎಂಬ, ಇನ್ನೂ ಮೂವತ್ತು ತುಂಬದ ವೈದ್ಯನ ಕೈಗೆ ಯೋಜನೆ ಬಂತು. ಅವರು ಮನೆಯ ಹೆಂಗಸರನ್ನು ಹಿಡಿದರು. ಮಹಿಳಾ ಸಂಘದವರು ಊರೂರಿನಲ್ಲಿ ಸೇರಿ ಹಳೆಯ ಅಡುಗೆಗಳನ್ನೇ ತರಕಾರಿ ಹೆಚ್ಚು, ಬೆಣ್ಣೆ ಕಡಿಮೆ ಹಾಕಿ ಮಾಡಿ ಬಡಿಸಿದರು. ನಾಲ್ಕು ದಶಕದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗ ಸಾವು ಶೇ 80ಕ್ಕಿಂತ ಹೆಚ್ಚು ಇಳಿಯಿತು. ಮೊದಲ ಹದಿನೈದು ವರ್ಷ ಸ್ಟಾಟಿನ್ ಮಾರುಕಟ್ಟೆಯಲ್ಲೇ ಇರಲಿಲ್ಲ.

ಅಮಾನಿಕೆರೆ ನಡಿಗೆ

ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು.

ಫಿಜಿಷಿಯನ್, ಧಾರವಾಡ

ಹೌದು, ಇಡೀ ಊರಿನ ಸಾವು ಇಳಿಸಬೇಕಾದರೆ ಅಡುಗೆಮನೆಯೇ ದಾರಿ. ಕಾಯಿಲೆ ಬಂದ ಮನುಷ್ಯ ಎದುರಿಗೆ ಕುಳಿತಾಗ ಮಾತ್ರೆ ಬೇಕು. ಅಮೆರಿಕದಲ್ಲಿ 1980ರಿಂದ 2000ದವರೆಗೆ ಹೃದ್ರೋಗದ ಸಾವು ಅರ್ಧಕ್ಕರ್ಧ ಇಳಿಯಿತು. ಯಾವುದರಿಂದ ಎಷ್ಟು ಎಂದು ಲೆಕ್ಕ ಹಾಕಿದಾಗ ಚಿಕಿತ್ಸೆಯ ಪಾಲು ಸುಮಾರು ಶೇ 47, ಧೂಮಪಾನ, ಕೊಲೆಸ್ಟ್ರಾಲ್, ಬಿ.ಪಿ. ಜನಸಮುದಾಯದಲ್ಲೇ ತಗ್ಗಿದ್ದರ ಪಾಲು ಸುಮಾರು ಶೇ 44 ಎಂದು ಬಂತು.

ಕುಂದಾಪುರದ ಕಡಲು

ಬೆಣ್ಣೆಯ ಮಾತು ಬಂತು ಎಂದು ನಾಳೆ ನಮ್ಮ ತೆಂಗಿನೆಣ್ಣೆಗೂ ಬರಬೇಡಿ. ನಮ್ಮ ಅಜ್ಜಿ 91ರವರೆಗೆ ತೆಂಗಿನೆಣ್ಣೆಯಲ್ಲೇ ಬದುಕಿದರು.

ಫಿಜಿಷಿಯನ್, ಧಾರವಾಡ

ತೆಂಗಿನೆಣ್ಣೆ ಎಲ್‌ಡಿಎಲ್ ಏರಿಸುತ್ತದೆ, ಅದನ್ನು ಅಳೆದು ನೋಡಿದ್ದಾರೆ. ಒಗ್ಗರಣೆಗೆ ಒಂದು ಚಮಚ ಹಾಕಿದರೆ ನಾನು ಬೇಡವೆನ್ನುವುದಿಲ್ಲ. ಅಜ್ಜಿಯವರು ದಿನಕ್ಕೆ ಎಷ್ಟು ನಡೆಯುತ್ತಿದ್ದರು, ಬಾವಿಯಿಂದ ಎಷ್ಟು ಕೊಡ ಸೇದುತ್ತಿದ್ದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕುಂದಾಪುರದ ಕಡಲು

ಬಾವಿಯ ಮಾತು ನಿಜ. ಎಣ್ಣೆಯ ಮಾತಿಗೆ ನನ್ನ ಒಪ್ಪಿಗೆ ಇನ್ನೂ ಇಲ್ಲ.

ವಿಟ್ಲದ ಮನೆ

ಸೋಡಿಯಂ ಕಡಿಮೆ ಇರುವ ಉಪ್ಪು ಬಂದಿದೆಯಲ್ಲ, ಅದು ಒಳ್ಳೆಯದೇ? ನಮ್ಮ ಮನೆಯಲ್ಲಿ ಉಪ್ಪು ಕಡಿಮೆ ಮಾಡಿದರೆ ಸಾರು ಯಾರೂ ಮುಟ್ಟುವುದಿಲ್ಲ.

ಔಷಧ ಅಂಗಡಿ, ದಾವಣಗೆರೆ

ಚೀನಾದ 600 ಹಳ್ಳಿಗಳಲ್ಲಿ ಅದನ್ನು ಕೊಟ್ಟು ನೋಡಿದ್ದಾರೆ, ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು ಎಂದು 2021ರಲ್ಲಿ ವರದಿ ಬಂತು. ಆದರೆ ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟನ್ ತರಹದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು. ಅರಸೀಕೆರೆ ಅಕ್ಕ, ಇದು ನಿಮ್ಮ ತಂದೆಗೂ ಅನ್ವಯಿಸುತ್ತದೆ.

ನಿವೃತ್ತ ಮೇಷ್ಟ್ರು

ಮಗಳೇ, ನನಗೆ 71. ಬೈಪಾಸ್ ಆಗಿ ಒಂಬತ್ತು ವರ್ಷವಾಯಿತು. ದಿನಕ್ಕೆ ಐದು ಮಾತ್ರೆ. ನಿಮ್ಮ ತಂದೆ ಮಾಡಿದ್ದನ್ನು ನಾನೂ ಮಾಡಿದ್ದೆ, ಆದ್ದರಿಂದ ಬರೆಯುತ್ತಿದ್ದೇನೆ.

ನಡಿಗೆ ನಾನು ಮಾಡುವ ಕೆಲಸ. ಬೆಳಿಗ್ಗೆ ಬೆವರಿ ಮನೆಗೆ ಬಂದಾಗ, ಇನ್ನೂ ನನ್ನ ಮೈ ನನ್ನ ಮಾತು ಕೇಳುತ್ತದೆ ಎಂಬ ಧೈರ್ಯ ಇರುತ್ತದೆ. ಮಾತ್ರೆ ಹಾಗಲ್ಲ. ತಿಂಡಿ ತಟ್ಟೆಯ ಪಕ್ಕ ಐದು ಮಾತ್ರೆ ಇಟ್ಟಾಗಲೆಲ್ಲ ‘ನೀನು ರೋಗಿ’ ಎಂದು ಯಾರೋ ಹೇಳಿದ ಹಾಗೆ. ಒಮ್ಮೆ ಎರಡು ವಾರ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಏನೂ ಆಗಲಿಲ್ಲ, ಆ ‘ಏನೂ ಆಗಲಿಲ್ಲ’ ಎನ್ನುವುದೇ ನನ್ನನ್ನು ಮೋಸ ಮಾಡಿತು. ಮೂರನೇ ವಾರ ಎದೆ ಒತ್ತಿ ಆಸ್ಪತ್ರೆ ಸೇರಿದೆ.

ನನ್ನ ಹೆಂಡತಿ ಒಂದು ಉಪಾಯ ಮಾಡಿದಳು. ಮಾತ್ರೆಗಳನ್ನು ತಟ್ಟೆಯ ಪಕ್ಕದಿಂದ ತೆಗೆದು ನನ್ನ ನಡಿಗೆಯ ಶೂ ಇರುವ ಗೂಡಿನಲ್ಲಿ ಇಟ್ಟಳು. ಶೂ ಹಾಕುವ ಮೊದಲು ನುಂಗುವುದು. ಆರು ವರ್ಷದಿಂದ ತಪ್ಪಿಲ್ಲ. ತಂದೆಯ ಹತ್ತಿರ ಫೋನಿನಲ್ಲಿ ಮಾತಾಡಬೇಡಿ. ಊರಿಗೆ ಹೋಗಿ, ಅವರ ಜೊತೆ ಅರಳಿಕಟ್ಟೆಯವರೆಗೆ ನಡೆಯಿರಿ.

ಅರಸೀಕೆರೆಯವಳು

ಮೇಷ್ಟ್ರೇ, ನೀವು ಹೇಳಿದಂತೆಯೇ ಮಾಡಿದೆ. ಶನಿವಾರ ಊರಿಗೆ ಹೋದೆ, ಭಾನುವಾರ ಜೊತೆಗೆ ನಡೆದೆ. ಅರಳಿಕಟ್ಟೆಯ ಹತ್ತಿರ ನಿಂತು ಎಡಗಾಲನ್ನು ಅದುಮಿಕೊಂಡರು. ‘ಇಲ್ಲಿಗೆ 420 ಹೆಜ್ಜೆ’ ಎಂದರು. ಎಣಿಸುವ ಅಭ್ಯಾಸ ಅವರಿಗೆ ಹೋಗಿಲ್ಲ.

ಕಟ್ಟೆಯ ಮೇಲೆ ಕುಳಿತಾಗ ನಿಜ ಹೇಳಿದರು. ಅವರ ಜೊತೆ ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿದ್ದ ಚಾಲಕರೊಬ್ಬರಿದ್ದರು, ನಮ್ಮ ಮನೆಯವರ ಹಾಗೆಯೇ. ಅವರಿಗೂ ಸ್ಟೆಂಟ್ ಆಗಿತ್ತು. ಒಂದು ದಿನವೂ ಮಾತ್ರೆ ತಪ್ಪಿಸಿದವರಲ್ಲ. ಈ ಯುಗಾದಿ ಕಳೆದು ಹತ್ತು ದಿನಕ್ಕೆ ನಿದ್ದೆಯಲ್ಲೇ ಹೋದರು. ‘ಅವನನ್ನು ಉಳಿಸದ ಮಾತ್ರೆ ನನ್ನನ್ನು ಉಳಿಸುತ್ತದೆಯೇ’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಧಾರವಾಡದ ಸರ್ ಬರೆದಿದ್ದ 256, 182 ಅಂಕಿಗಳನ್ನು ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಮಾತ್ರೆ ತಿಂದವರಲ್ಲೂ 182 ಜನ ಹೋಗಿದ್ದಾರೆ, ಅವನೂ ಅದರಲ್ಲಿ ಒಬ್ಬ ಎನ್ನು’ ಎಂದರು. ಆಮೇಲೆ, ‘ಉಳಿದ 74 ಜನರಲ್ಲಿ ನಾನಿರಬಹುದು’ ಎಂದರು.

ಅವರ ವೈದ್ಯರಿಗೆ ನಾನು ಮೊದಲ ದಿನವೇ ಫೋನ್ ಮಾಡಿದ್ದೆ, ಎಕೋಸ್ಪ್ರಿನ್ ಕೂಡಲೇ ಶುರುಮಾಡಿ ಎಂದಿದ್ದರು. ಅಪ್ಪ ನುಂಗಿದ್ದು ಭಾನುವಾರದಿಂದ. ಸೋಮವಾರ ಪರೀಕ್ಷೆ ಮಾಡಿಸಿದೆವು. ಎಲ್‌ಡಿಎಲ್ 131. ಎಡ ಕಣಕಾಲಿನ ಬಿ.ಪಿ. ತೋಳಿನದರ 0.7 ಭಾಗ ಮಾತ್ರ ಇದೆ, 0.9ಕ್ಕಿಂತ ಕೆಳಗಿದ್ದರೆ ತೊಂದರೆ ಎಂದರು. ಧಾರವಾಡದ ಸರ್, ನೀವು ಹೇಳಿದ್ದೇ ಆಗಿತ್ತು.

ಫಿಜಿಷಿಯನ್, ಧಾರವಾಡ

148 ಇದ್ದದ್ದು ನಡಿಗೆ, ಊಟದಿಂದ 131. ಅಷ್ಟು ಅವರ ಸ್ವಂತ ಗಳಿಕೆ ಎಂದು ತಂದೆಯವರಿಗೆ ಹೇಳಿ. ನಡಿಗೆ ನಿಲ್ಲಿಸಬೇಡಿ, ಈ ಕಾಯಿಲೆಗೆ ನಡಿಗೆಯೇ ಚಿಕಿತ್ಸೆ. ನೋವು ಬರುವವರೆಗೆ ನಡೆಯುವುದು, ನಿಲ್ಲುವುದು, ಹೋದ ಮೇಲೆ ಮತ್ತೆ ನಡೆಯುವುದು. ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳು. ಅವರ ಹೃದ್ರೋಗ ವೈದ್ಯರನ್ನು ಕೇಳಿಕೊಂಡೇ ಮಾಡಿ.

ಅಮಾನಿಕೆರೆ ನಡಿಗೆ

ನಾನು ಮೊದಲು ಬರೆದದ್ದರಲ್ಲಿ ‘ವೈದ್ಯರು ನಿಲ್ಲಿಸಿದರು’ ಎಂಬ ಸಾಲು ಬಿಟ್ಟುಹೋಗಿತ್ತು. ಮೇಲೆ ಹೋಗಿ ಸೇರಿಸಲು ಆಗುತ್ತಿಲ್ಲ, ಇಲ್ಲಿಯೇ ಸೇರಿಸುತ್ತಿದ್ದೇನೆ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಅರಸೀಕೆರೆಯವಳು

ಆರು ವಾರದ ನಂತರ ಬರೆಯುತ್ತಿದ್ದೇನೆ. ಕೇಳಿದವರಿಗೆಲ್ಲ ಧನ್ಯವಾದ.

ಅಟೋರ್ವಾಸ್ಟಾಟಿನ್ ಬದಲಿಗೆ ರೊಸುವಾಸ್ಟಾಟಿನ್ ಕೊಟ್ಟಿದ್ದಾರೆ, ನುಂಗುತ್ತಿದ್ದಾರೆ. ಮಾತ್ರೆಯ ಡಬ್ಬ ಈಗ ಶೂ ಗೂಡಿನಲ್ಲಿದೆ. ಎಲ್‌ಡಿಎಲ್ ಮುಂದಿನ ವಾರ ನೋಡಬೇಕು. ಪಕ್ಕದಲ್ಲಿ ಒಂದು ಹಳೆಯ ಡೈರಿ ಇಟ್ಟುಕೊಂಡು, ಎಷ್ಟು ಹೆಜ್ಜೆಗೆ ನೋವು ಬಂತು ಎಂದು ದಿನವೂ ಬರೆಯುತ್ತಾರೆ, ಟ್ರಿಪ್ ಶೀಟ್ ತುಂಬುತ್ತಿದ್ದ ಅದೇ ದುಂಡನೆಯ ಅಕ್ಷರದಲ್ಲಿ. ಅರಳಿಕಟ್ಟೆ ದಾಟಿದ್ದಾರೆ. ಇವತ್ತು ಹಾಲಿನ ಡೈರಿಯ ಗೇಟಿನವರೆಗೆ, 590.